ಅಪ್ಪನಿಗೆ ಬಳ್ಳಾರಿಯೋ, ಹಳ್ಳಿಯೋ? ವಂಶದಿಂದ ಬಂದ ಕಾಯಿಲೆ ಊರು ಬದಲಿಸಿದರೆ ಬಿಡುತ್ತದೆಯೇ?

ಹಗರಿ ದಂಡೆ (ಬಳ್ಳಾರಿ)

ದಸರೆಗೆ ಊರಿಗೆ ಹೋಗಿ ಬಂದಾಗಿನಿಂದ ಅಪ್ಪ ಒಂದೇ ಹಟ ಹಿಡಿದಿದ್ದಾರೆ. ಬಳ್ಳಾರಿಯ ಮನೆ ಬಾಡಿಗೆಗೆ ಕೊಟ್ಟು ಸಿರುಗುಪ್ಪ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ದೊಡ್ಡಪ್ಪನ ಪಕ್ಕದ ಮನೆಯಲ್ಲಿ ಇರುತ್ತಾರಂತೆ. ಅಪ್ಪನಿಗೆ 69. ಇಪ್ಪತ್ತರ ಹರೆಯದಲ್ಲಿ ಸರ್ಕಾರಿ ಗುಮಾಸ್ತಿಕೆ ಸಿಕ್ಕಿ ಬಳ್ಳಾರಿಗೆ ಬಂದವರು ಕೌಲ್ ಬಜಾರಿನಲ್ಲೇ ಉಳಿದರು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಈಗ ಇನ್ಸುಲಿನ್. ಬಿಪಿ ಇದೆ. ಹೃದಯಕ್ಕೆ ಒಂದು ಸ್ಟೆಂಟ್ ಬಿದ್ದಿದೆ.

ದೊಡ್ಡಪ್ಪನಿಗೆ 74. ಇಬ್ಬರನ್ನೂ ಹಿಂದಿನಿಂದ ನೋಡಿದರೆ ಯಾರು ಯಾರೆಂದು ತಿಳಿಯದು, ಬೋಳು ಬಿದ್ದ ಜಾಗವೂ ಒಂದೇ. ಆದರೆ ದೊಡ್ಡಪ್ಪ ಈಗಲೂ ಬೆಳಿಗ್ಗೆ ಕಾಲುವೆಯವರೆಗೆ ನಡೆದು ಹೋಗಿ ಮಡೆ ತಿರುವಿ ಬರುತ್ತಾರೆ. ಒಂದು ಮಾತ್ರೆ ನುಂಗಿದವರಲ್ಲ. ಅಪ್ಪನ ವಾದ ಇಲ್ಲಿಂದಲೇ ಹುಟ್ಟಿದ್ದು: “ಒಂದೇ ತಾಯಿಯ ಹಾಲು ಕುಡಿದವರು ನಾವು. ಅವನಿಗೆ ಇಲ್ಲದ ಕಾಯಿಲೆ ನನಗೆ ಬಂತೆಂದರೆ ಅದು ಬಳ್ಳಾರಿ ಕೊಟ್ಟದ್ದು. ಇಲ್ಲೇ ಬಿಟ್ಟು ಹೋಗುತ್ತೇನೆ.”

ಬೆಂಗಳೂರಿನ ನನ್ನ ತಮ್ಮನದು ಇದಕ್ಕೆ ತದ್ವಿರುದ್ಧ ವಾದ. ಅಜ್ಜ ಅರವತ್ತು ದಾಟುತ್ತಿದ್ದಂತೆ ಎದೆನೋವೆಂದು ಹೊಲದ ಬದುವಿನಲ್ಲೇ ಕುಸಿದರು, ಅಜ್ಜಿಗೆ ಕೊನೆಗಾಲದಲ್ಲಿ ಮಕ್ಕಳ ಹೆಸರೂ ನೆನಪಿರಲಿಲ್ಲ, ಇಬ್ಬರೂ ಬಳ್ಳಾರಿಯ ಮುಖ ಕಂಡವರಲ್ಲ, ಆದ್ದರಿಂದ ಎಲ್ಲವೂ ಜೀನಿನಲ್ಲಿದೆ ಎನ್ನುತ್ತಾನೆ. ಉಗುಳು ಕಳಿಸಿದರೆ ವಂಶವಾಹಿ ಪರೀಕ್ಷೆ ಮಾಡಿಕೊಡುವವರಿದ್ದಾರಂತೆ, ಅಪ್ಪನಿಗೆ ಮಾಡಿಸೋಣ ಎಂದು ದುಂಬಾಲು ಬಿದ್ದಿದ್ದಾನೆ. ಇನ್ನೊಂದು ಸಂಗತಿ: ಅಜ್ಜ ಅಜ್ಜಿಗೆ ಸೋದರಮಾವ. ನಮ್ಮ ಕಡೆ ಅದು ಸಾಮಾನ್ಯ, ಆದರೆ ಅದರ ಪಾಲೂ ಇದರಲ್ಲಿ ಇದೆಯೇ?

ಇಬ್ಬರಲ್ಲಿ ಯಾರು ಸರಿ? ವೈದ್ಯರನ್ನು ಕೇಳಿದೆ. “ನಿಮ್ಮಿಷ್ಟ” ಎಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಿನ್ನಾಳದವನು

ಇದರಲ್ಲಿ ಯೋಚಿಸುವುದೇನಿದೆ? ಕಳಿಸಿಕೊಡಿ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಒಳ್ಳೆಯ ಗಾಳಿ, ಮಾತಿಗೆ ಮಂದಿ. ನಮ್ಮೂರ ಕಟ್ಟೆಯ ಮೇಲೆ ಎಂಬತ್ತು ದಾಟಿದವರು ಸಾಲಾಗಿ ಕುಳಿತಿರುತ್ತಾರೆ, ಒಬ್ಬರ ಕೈಯಲ್ಲೂ ಔಷಧದ ಚೀಟಿ ಇಲ್ಲ. ಪಟ್ಟಣದಲ್ಲಿ ಆಯುಷ್ಯ ಮಾತ್ರೆಯ ಮೇಲೆ ನಿಂತಿದೆ.

ಸಿಂಧನೂರಿನ ಸೊಸೆ

ಒಳ್ಳೆಯ ಗಾಳಿಯೇ? ಭತ್ತಕ್ಕೆ ಔಷಧ ಹೊಡೆಯುವ ದಿನಗಳಲ್ಲಿ ನಮ್ಮ ಮನೆಯ ಹಿತ್ತಲಿಗೆ ಬನ್ನಿ. ಬಟ್ಟೆ ಒಣಹಾಕಲು ಹೋದರೆ ಕಣ್ಣು ಉರಿಯುತ್ತದೆ. ಕೊಯ್ಲು ಮುಗಿದ ಮೇಲೆ ಹುಲ್ಲಿಗೆ ಬೆಂಕಿ ಇಡುತ್ತಾರೆ, ಆಗ ಊರಿಗೆ ಊರೇ ಕೆಮ್ಮುತ್ತದೆ.

ಜೋಳದ ರೊಟ್ಟಿ ಎಂದಿರಿ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಕಡೆ ಜೋಳ ಬೆಳೆಯುವವರನ್ನು ಹುಡುಕಬೇಕು. ನಮ್ಮ ಮಾವ ಚಿಕ್ಕವರಿದ್ದಾಗ ಅನ್ನ ಹಬ್ಬಕ್ಕೆ ಮಾತ್ರ ಆಗುತ್ತಿತ್ತಂತೆ. ಈಗ ಮೂರು ಹೊತ್ತೂ ಸೋನಾ ಮಸೂರಿ, ಸಂಜೆಗೆ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ. ನಾಟಿಗೆ ಕೂಲಿಯವರು, ಕೊಯ್ಲಿಗೆ ಯಂತ್ರ, ಹೊಲಕ್ಕೆ ಬೈಕು. ಹಳ್ಳಿಯ ಮೈಕಷ್ಟ ಹೋಯಿತು, ಹಳ್ಳಿಯ ತಟ್ಟೆಯೂ ಹೋಯಿತು. ಹೆಸರು ಮಾತ್ರ ಹಳ್ಳಿ.

ಮಾವ ಕಾಲಿಗೆ ಗಾಯ ಮಾಡಿಕೊಂಡು ಅದು ಮಾಯದೆ ಹೋದಾಗಲೇ ಸಕ್ಕರೆ ಇದೆ ಎಂದು ತಿಳಿದದ್ದು. ಅಷ್ಟರಲ್ಲಿ ಎರಡು ಬೆರಳು ಕಪ್ಪಾಗಿದ್ದವು. ಅದಕ್ಕೂ ಮುನ್ನ ಅವರನ್ನು ಕೇಳಿದ್ದರೆ ಅವರೂ “ಒಂದು ಮಾತ್ರೆ ನುಂಗಿದವನಲ್ಲ” ಎಂದೇ ಮೀಸೆ ತಿರುವುತ್ತಿದ್ದರು. ಅತ್ತೆಯ ಕಥೆ ಬೇರೆ. ನಲವತ್ತು ವರ್ಷ ಹತ್ತಿಕಟ್ಟಿಗೆಯ ಒಲೆ ಊದಿದವರು. ಬೀಡಿ ಮುಟ್ಟಿದವರಲ್ಲ, ಆದರೂ ಬೀಡಿ ಸೇದುವವರ ದಮ್ಮು.

ಹಗರಿ ದಂಡೆಯವರೇ, ದೊಡ್ಡಪ್ಪನ ರಕ್ತದೊತ್ತಡವನ್ನು ಕೊನೆಯ ಸಲ ಅಳೆದದ್ದು ಯಾವಾಗ? ಅದನ್ನು ಮೊದಲು ಹೇಳಿ.

ಹಳೆಯ ಲ್ಯಾಬಿನವ (ಕೊಪ್ಪಳ)

ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತನಾದವನು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ರಕ್ತ ಮೂತ್ರ ನೋಡುತ್ತಲೇ ಸೇವೆ ಸವೆಯಿತು. ವೈದ್ಯನಲ್ಲ, ಆ ದೃಷ್ಟಿಯಿಂದ ಓದಿಕೊಳ್ಳಿ.

ಮೊದಲು ನಿಮ್ಮ ಅಪ್ಪನ ವಾದ. ಒಡಹುಟ್ಟಿದವರ ನಡುವೆ ಸರಾಸರಿ ಅರ್ಧದಷ್ಟು ವಂಶವಾಹಿ ಹಂಚಿಕೆಯಾಗಿರುತ್ತದೆ. ಅಜ್ಜ ಅಜ್ಜಿ ಸೋದರಮಾವ ಸೊಸೆಯಾದ್ದರಿಂದ ನಿಮ್ಮ ಅಪ್ಪ, ದೊಡ್ಡಪ್ಪನ ನಡುವೆ ಅದಕ್ಕಿಂತ ತುಸು ಹೆಚ್ಚು. ಅಂದರೂ ಅಣ್ಣತಮ್ಮಂದಿರು ಒಂದೇ ಅಚ್ಚಿನವರಲ್ಲ. ಬೋಳುತಲೆ ಹೊಂದಿದ ಮಾತ್ರಕ್ಕೆ ಇನ್ಸುಲಿನ್ ತಯಾರಿಸುವ ಮೇದೋಜೀರಕವೂ ಹೊಂದಬೇಕೆಂದಿಲ್ಲ. ಆದ್ದರಿಂದ “ರಕ್ತ ಒಂದೇ, ಊರು ಮಾತ್ರ ಬೇರೆ” ಎಂಬ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ತಮ್ಮನ ವಾದಕ್ಕೆ ಡೆನ್ಮಾರ್ಕಿನವರು ಹಿಂದೆಯೇ ಉತ್ತರ ಹುಡುಕಿದ್ದಾರೆ. 1870ರಿಂದ 1900ರ ನಡುವೆ ಹುಟ್ಟಿದ ಅವಳಿಗಳ ಆಯುಷ್ಯವನ್ನು ಹೋಲಿಸಿ 1996ರಲ್ಲಿ ಪ್ರಕಟಿಸಿದರು. ಜನರ ಆಯುಷ್ಯದ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಸುಮಾರು ಕಾಲುಭಾಗ ಎಂದು ಅವರ ಅಂದಾಜು. 2018ರಲ್ಲಿ ಕೋಟ್ಯಂತರ ಜನರ ವಂಶವೃಕ್ಷಗಳನ್ನು ಜಾಲಾಡಿದ ಇನ್ನೊಂದು ಅಧ್ಯಯನ ಅದನ್ನೂ ಶೇ 10ಕ್ಕಿಂತ ಕೆಳಗಿಳಿಸಿತು. ಗಂಡ ಹೆಂಡಿರು ಒಂದೇ ಬಗೆಯ ಬದುಕಿನವರನ್ನು ಆರಿಸಿಕೊಳ್ಳುವುದರಿಂದ ಹಳೆಯ ಲೆಕ್ಕಗಳು ಉಬ್ಬಿದ್ದವು ಎಂಬುದು ಅವರ ವಾದ. ಪೂರ್ತಿ ಜೀನ್ ಎನ್ನುವವನ ಕಾಲ ಕೆಳಗಿನ ನೆಲ ಅಷ್ಟು ಗಟ್ಟಿಯಲ್ಲ.

ಆದರೆ “ಕಾಲುಭಾಗ” ಎಂದರೆ ನಿಮ್ಮ ಅಪ್ಪನ ಕಾಯಿಲೆಯಲ್ಲಿ ಕಾಲುಭಾಗ ಎಂದಲ್ಲ. ಇಲ್ಲಿ ಓದಿದವರೂ ಎಡವುತ್ತಾರೆ, ಅದಕ್ಕೆ ನಮ್ಮ ಜಿಲ್ಲೆಯದೇ ಸಂಗತಿ ಹೇಳುತ್ತೇನೆ. ಕುಷ್ಟಗಿ ಕಡೆ ಕೆಲವು ಊರುಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ಚಿಕ್ಕಂದಿನಿಂದ ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮುಪ್ಪಿಗೆ ಬೆನ್ನು, ಮೊಣಕಾಲು ಸೆಟೆಯಬಹುದು. ಒಂದೇ ಕೈಪಂಪಿನ ನೀರು ಕುಡಿದ ಒಂದೇ ಓಣಿಯ ಇಬ್ಬರು ಮುದುಕರಲ್ಲಿ ಒಬ್ಬರು ಬಿಲ್ಲಿನಂತೆ ಬಾಗಿರುತ್ತಾರೆ, ಇನ್ನೊಬ್ಬರು ನೆಟ್ಟಗೆ ನಡೆಯುತ್ತಾರೆ. ನೀರು ಒಂದೇ ಆದ್ದರಿಂದ ಅವರಿಬ್ಬರ ನಡುವಿನ ಅಂತರಕ್ಕೆ ಊಟ, ದುಡಿಮೆ, ವಂಶವಾಹಿಗಳನ್ನು ಕೇಳಬೇಕು. ಆದರೆ ಆ ಇಡೀ ಓಣಿಗೂ ಹೊಳೆಯ ನೀರು ಕುಡಿಯುವ ಊರಿಗೂ ಇರುವ ಅಂತರಕ್ಕೆ ನೀರೇ ಮುಖ್ಯ ಕಾರಣ. ಯಾರ ಪಕ್ಕದಲ್ಲಿ ಯಾರನ್ನು ನಿಲ್ಲಿಸಿ ನೋಡುತ್ತೀರಿ ಎನ್ನುವುದರ ಮೇಲೆ ಜೀನಿನ ಪಾಲು ಹಿಗ್ಗುತ್ತದೆ, ಕುಗ್ಗುತ್ತದೆ.

ಇನ್ನು ಕಿನ್ನಾಳದವರ ಕಟ್ಟೆ. ಎಂಬತ್ತು ದಾಟಿ ಅಲ್ಲಿ ಕುಳಿತವರನ್ನು ಎಣಿಸಿದಿರಿ. ಅರವತ್ತಕ್ಕೇ ಹೋಗಿ ಅಲ್ಲಿ ಕುಳಿತುಕೊಳ್ಳಲಾಗದವರನ್ನು ಎಣಿಸಿದಿರಾ? ಹಗರಿ ದಂಡೆಯವರ ಅಜ್ಜ ಅಂಥವರಲ್ಲಿ ಒಬ್ಬರು.

ಗಟ್ಟಿ ಅಂಕಿಗಳು ಹೇಳುವುದು ಎರಡೂ ಕಡೆಯವರಿಗೆ ಇರುಸುಮುರುಸಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶವ್ಯಾಪಿ ಮಧುಮೇಹ ಅಧ್ಯಯನ 2023ರಲ್ಲಿ ಹೊರಬಂತು: ಪಟ್ಟಣದಲ್ಲಿ ಶೇ 16.4, ಹಳ್ಳಿಯಲ್ಲಿ ಶೇ 8.9. ನಿಮ್ಮ ಅಪ್ಪ ಖುಷಿಪಡಬಹುದು. ಆದರೆ ಇನ್ನೇನು ಸಕ್ಕರೆ ಬಂದೀತು ಎಂಬ ಅಂಚಿನಲ್ಲಿರುವವರು ಎರಡೂ ಕಡೆ ಹೆಚ್ಚುಕಡಿಮೆ ಸಮ. ಹೃದಯದ ವಿಷಯ ಇನ್ನೂ ವಿಚಿತ್ರ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಕೂಡ ಭಾಗವಹಿಸಿದ, 17 ದೇಶಗಳ ಪ್ಯೂರ್ ಅಧ್ಯಯನ 2014ರಲ್ಲಿ ಹೇಳಿದ್ದು ಇಷ್ಟು: ಬಿಪಿ, ಕೊಬ್ಬು, ತೂಕ ಇತ್ಯಾದಿ ಅಪಾಯಗಳ ಹೊರೆ ಪಟ್ಟಣದವರಲ್ಲಿ ಹೆಚ್ಚು, ಹೃದಯಾಘಾತ, ಪಾರ್ಶ್ವವಾಯುಗಳು ಹಳ್ಳಿಯವರಲ್ಲಿ ಹೆಚ್ಚು, ಅವು ಬಂದ ಮೇಲೆ ಸಾಯುವವರೂ ಹಳ್ಳಿಯಲ್ಲೇ ಹೆಚ್ಚು. ಅಪಾಯ ಕಡಿಮೆ ಇದ್ದವರಿಗೆ ಸಾವು ಹೆಚ್ಚು! ನನ್ನ ಅನುಭವದಲ್ಲಿ ಇದರ ಗುಟ್ಟು ಸರಳ. ಪಟ್ಟಣದವನ ಬಿಪಿಯನ್ನು ಯಾರೋ ಅಳೆದಿರುತ್ತಾರೆ, ಮಾತ್ರೆ ಕೊಟ್ಟಿರುತ್ತಾರೆ, ಎದೆ ಹಿಡಿದರೆ ಆಟೋ ಸಿಗುತ್ತದೆ.

ಅಜ್ಜಿಯ ಮರೆವಿನ ಬಗ್ಗೆಯೂ ಒಂದು ಮಾತು. ಅರವತ್ತು ದಾಟಿದ ಭಾರತೀಯರಲ್ಲಿ ಸುಮಾರು ಶೇ 7.4 ಮಂದಿಗೆ ಮರೆಗುಳಿತನದ ಕಾಯಿಲೆ ಇದೆ ಎಂದು 2023ರ ಅಂದಾಜು. ಹಳ್ಳಿಯಲ್ಲಿ 8.4, ಪಟ್ಟಣದಲ್ಲಿ 5.3. ಅಪೊಇ ಎಂಬ ವಂಶವಾಹಿಯ ಇ4 ಎಂಬ ರೂಪ ಇದ್ದವರಿಗೆ ಆಲ್ಝೈಮರ್ ಅಪಾಯ ಹೆಚ್ಚು, ಅದು ನಿಜ. ಆದರೆ ಶಾಲೆಯ ಮೆಟ್ಟಿಲು ಹತ್ತದಿರುವುದು, ಅಳೆಯದ ಬಿಪಿ, ಕೇಳಿಸದ ಕಿವಿ ಕೂಡ ಅಪಾಯಗಳೇ, ಮತ್ತು ಮೊದಲನೆಯದು ಹಳ್ಳಿಯ ಹೆಂಗಸರ ಪಾಲಿಗೇ ಹೆಚ್ಚು ಬಂತು. ನಮ್ಮ ರಾಜ್ಯದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ಒಂದು ಕಡೆ, ಬೆಂಗಳೂರಿನವರನ್ನು ಇನ್ನೊಂದು ಕಡೆ ಇಟ್ಟುಕೊಂಡು ವರ್ಷಾನುಗಟ್ಟಲೆ ಹಿಂಬಾಲಿಸಿ ರಕ್ತ, ವಂಶವಾಹಿ, ಮಿದುಳಿನ ಚಿತ್ರ, ನೆನಪಿನ ಪರೀಕ್ಷೆ ಎಲ್ಲವನ್ನೂ ಮಾಡುತ್ತಿದ್ದಾರೆ. ಬಳ್ಳಾರಿ, ರಾಯಚೂರಿನ ಬಿಸಿಲಿಗೂ ಅಂಥದ್ದೊಂದು ಬೇಕು. ಯಾರು ಕೇಳುತ್ತಾರೆ, ಬಿಡಿ.

ಇಷ್ಟೆಲ್ಲ ಹೇಳಿದರೂ ಬಳ್ಳಾರಿಯನ್ನು ಪೂರ್ತಿ ಖುಲಾಸೆ ಮಾಡುತ್ತಿಲ್ಲ. ನಿಮ್ಮ ಅಪ್ಪ ಹುಟ್ಟಿದ್ದೂ ಹಳ್ಳಿಯಲ್ಲೇ ಎಂಬುದನ್ನು ಮರೆಯಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದೀಚೆಗೆ ಹುಟ್ಟಿದ ಶಿಶುಗಳ ತೂಕದ ದಾಖಲೆ ಹಿಡಿದು, ಅವರಲ್ಲಿ ಹಲವರನ್ನು ನಡುವಯಸ್ಸಿನಲ್ಲಿ ಹುಡುಕಿ ನೋಡಿದರು. ಸಣ್ಣಗೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಅರೆಹೊಟ್ಟೆಯ ತಾಯಿಯ ಗರ್ಭದಲ್ಲಿ ಮಿತವಾಗಿ ಬದುಕಲು ಕಲಿತ ಮೈಗೆ ಮುಂದೆ ಕುರ್ಚಿಯ ಕೆಲಸ, ತಟ್ಟೆ ತುಂಬ ಅನ್ನ ಸಿಕ್ಕಿದರೆ ಅದು ತಾಳುವುದಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಇದು ಜೀನೂ ಅಲ್ಲ, ಬಳ್ಳಾರಿಯೊಂದೇ ಅಲ್ಲ. ಆಗಿನ ಹಳ್ಳಿಯೂ ಈಗಿನ ಪಟ್ಟಣವೂ ಒಂದೇ ಮೈಯಲ್ಲಿ ಸೇರಿದ್ದರ ಫಲ. ಸಿಂಧನೂರಿನ ಸೊಸೆ ಹೇಳಿದ ಯಂತ್ರ, ಸೋನಾ ಮಸೂರಿ ಬಂದ ಮೇಲೆ ದೊಡ್ಡಪ್ಪನಿಗೂ ಅದೇ ಗತಿ ಬರಬಹುದು, ಹದಿನೈದು ವರ್ಷ ತಡವಾಗಿ.

ಬಿಪಿ ಅಳೆದು ಬನ್ನಿ. ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟಕ್ಕಿರಲಿ, ಮಾತಾಡಿಸಬೇಡಿ. ಎರಡು ಬೇರೆ ಬೇರೆ ದಿನ ನೋಡಿ.

ಹಗರಿ ದಂಡೆ (ಬಳ್ಳಾರಿ)

ಶನಿವಾರ ಅಪ್ಪನ ಜೊತೆ, ಅವರ ಬಿಪಿ ಯಂತ್ರವನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಭಾನುವಾರ ಸಂಜೆ ಬಂದೆ.

ದೊಡ್ಡಪ್ಪ ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತು, ಪಟ್ಟಿ ಉಬ್ಬುವುದನ್ನು ಹಸುವಿನ ಕೆಚ್ಚಲು ನೋಡುವವರ ಹಾಗೆ ಕುತೂಹಲದಿಂದ ನೋಡಿದರು. ಮೊದಲ ದಿನ 176/98. “ಸೆಲ್ಲು ಹೋಗಿರಬೇಕು ನೋಡು” ಎಂದರು. ಸೆಲ್ಲು ಬದಲಿಸಿದೆ. ಅಪ್ಪನಿಗೆ ಹಾಕಿದೆ, 132/80 ಬಂತು. ಮರುದಿನ ಬೆಳಿಗ್ಗೆ ಮತ್ತೆ ದೊಡ್ಡಪ್ಪನಿಗೆ, 170/96. ಅಪ್ಪ ಒಂದು ಮಾತೂ ಆಡಲಿಲ್ಲ, ಆದರೆ ಮುಖದಲ್ಲಿ ತುಸು ಗೆಲುವಿತ್ತು ಎಂದು ನನಗೆ ಅನುಮಾನ. ದೊಡ್ಡಪ್ಪನ ಖಾಲಿ ಹೊಟ್ಟೆಯ ಸಕ್ಕರೆ 118. ದೊಡ್ಡಮ್ಮ ಒಳಗಿನಿಂದ ಕೂಗಿ ಹೇಳಿದರು, ರಾತ್ರಿ ಮೂತ್ರಕ್ಕೆ ಮೂರು ಸಲ ಏಳುತ್ತಾರೆ, ಹೋದ ತಿಂಗಳು ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಿದ್ದರು ಎಂದು. ದೊಡ್ಡಪ್ಪ ಅವರನ್ನು ಗದರಿದರು.

ಆಶಾ ಕಾರ್ಯಕರ್ತೆ ಮನೆಗೆ ಬಂದು ತಪಾಸಣೆಗೆ ಕರೆದಿದ್ದರಂತೆ. “ನನಗೇನು ರೋಗ?” ಎಂದು ಹೊಲಕ್ಕೆ ಹೋಗಿಬಿಟ್ಟರಂತೆ.

ಅಪ್ಪನ ಹಟ ಇಳಿದಿಲ್ಲ. ಈಗ ಕಾರಣ ಬದಲಾಗಿದೆ ಅಷ್ಟೇ: “ಅಣ್ಣನಿಗೆ ಮಾತ್ರೆ ನುಂಗಿಸಲು ನಾನು ಅಲ್ಲಿರಬೇಕು.” ತಮ್ಮನದೂ ಇಳಿದಿಲ್ಲ, ಈಗ ಇಬ್ಬರದೂ ಉಗುಳು ಕಳಿಸೋಣ ಎನ್ನುತ್ತಿದ್ದಾನೆ.

ಆಪರೇಷನ್ ಕೋಣೆಯ ದಾದಿ (ರಾಯಚೂರು)

ಸೋದರ ಸಂಬಂಧದ ಮದುವೆಯಿಂದ ಕಾಯಿಲೆ ಬರುತ್ತದೆಯೇ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ತೋರುವ ಕಾಯಿಲೆಗಳಿಗೆ ಅದು ದಾರಿ. ಅವು ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ತಲೆಯೆತ್ತುತ್ತವೆ. 69 ಮುಟ್ಟಿದವರ ಸಕ್ಕರೆ, ಬಿಪಿಯನ್ನು ಅಜ್ಜನ ಮದುವೆಯ ತಲೆಗೆ ಕಟ್ಟಬೇಡಿ.

ಆದರೆ ತಲೆಮಾರುಗಳಿಂದ ಒಳಗೊಳಗೇ ಮದುವೆಯಾದ ಸಮುದಾಯಗಳಲ್ಲಿ ಕೆಲವು ಸಂಗತಿಗಳು ಮುಪ್ಪಿನಲ್ಲೂ ಎದುರಾಗುತ್ತವೆ. ಆರ್ಯವೈಶ್ಯರಲ್ಲಿ ಕೆಲವರಿಗೆ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಇಡೀ ಜನ್ಮ ಏನೂ ಗೊತ್ತಾಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸುವ ಮದ್ದಾದ ಸಕ್ಸಿನೈಲ್‌ಕೋಲಿನ್ ಹಾಕಿದರೆ ಕೆಲವು ನಿಮಿಷದಲ್ಲಿ ಮರಳಬೇಕಾದ ಉಸಿರು ಗಂಟೆಗಟ್ಟಲೆ ಮರಳುವುದಿಲ್ಲ. ನಮ್ಮ ಕಡೆಯ ಅನುಭವಿ ಅರಿವಳಿಕೆ ವೈದ್ಯರು ಮನೆತನ ಕೇಳುವುದು ಇದಕ್ಕೇ, ಜಾತಿ ನೋಡಲು ಅಲ್ಲ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ಏಳಲು ತಡವಾಗಿದ್ದರೆ ಹೇಳಿಬಿಡಿ. ಒಂದು ಜೀನ್ ನಿಜವಾಗಿ ಜೀವ ಉಳಿಸುವ ಮಾಹಿತಿಯಾಗುವುದು ಇಂಥ ಕಡೆ.

ಹಳೆಯ ಲ್ಯಾಬಿನವ (ಕೊಪ್ಪಳ)

ದಾದಿಯವರ ಮಾತು ಬಂಗಾರ. ಉಗುಳಿನ ಪರೀಕ್ಷೆಯನ್ನು ಅದೇ ಒರೆಗೆ ಹಚ್ಚಿ. ಸಕ್ಕರೆ ಕಾಯಿಲೆಗೆ ಅತಿ ಬಲವಾದ ಸಾಮಾನ್ಯ ಜೀನ್ ಎಂದು 2006ರಲ್ಲಿ ಗುರುತಿಸಿದ್ದು ಟಿಸಿಎಫ್7ಎಲ್2. ಅದರ ಅಪಾಯದ ರೂಪದ ಒಂದೊಂದು ಪ್ರತಿಯೂ ಅಪಾಯವನ್ನು ಒಂದೂವರೆ ಪಟ್ಟಿಗಿಂತ ತುಸು ಕಡಿಮೆಯಷ್ಟಕ್ಕೆ ಏರಿಸುತ್ತದೆ. ಈಗಾಗಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ “ನಿಮಗೆ ಸಕ್ಕರೆ ಬರಬಹುದು” ಎಂಬ ವರದಿ ತರಿಸಿ ಏನು ಮಾಡುತ್ತೀರಿ? ತಮ್ಮನಿಗೆ ಅಷ್ಟು ಜೀನಿನ ಚಿಂತೆಯಿದ್ದರೆ ತನ್ನದೇ ಕೊಬ್ಬು, ಸಕ್ಕರೆ, ಬಿಪಿ ಪರೀಕ್ಷಿಸಿಕೊಳ್ಳಲಿ. ಅಜ್ಜನಿಗೆ, ಅಪ್ಪನಿಗೆ ಹೃದಯದ ಕಾಯಿಲೆ ಎಂಬ ಚರಿತ್ರೆಯೇ ಅವನ ಜೀನ್ ವರದಿ, ಅದೂ ಪುಕ್ಕಟೆ. ಎಲ್‌ಡಿಎಲ್ (ಕೆಟ್ಟ ಕೊಬ್ಬು) ತೀರಾ ಹೆಚ್ಚು ಬಂದರೆ ಆಗ ವೈದ್ಯರೇ ಮುಂದಿನ ಪರೀಕ್ಷೆ ಹೇಳುತ್ತಾರೆ. 2016ರ ಒಂದು ದೊಡ್ಡ ಅಧ್ಯಯನದಲ್ಲಿ, ವಂಶವಾಹಿಯಿಂದ ಹೃದಯದ ಅಪಾಯ ಅತಿ ಹೆಚ್ಚಿದ್ದವರಲ್ಲೂ ಹೊಗೆಸೊಪ್ಪು ಬಿಟ್ಟು, ತೂಕ ಹಿಡಿದು, ನಡೆದಾಡಿ, ಹದವಾಗಿ ಉಂಡವರಿಗೆ ಆ ಅಪಾಯ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಅದು ಹೆಚ್ಚಾಗಿ ಬಿಳಿಯರ ಮೇಲೆ ಮಾಡಿದ್ದು, ಅಷ್ಟನ್ನು ಕಳೆದುಕೊಂಡು ಓದಿ.

ಈಗ ಅಪ್ಪನ ವಿಷಯ. ಹೋಗುವುದಾದರೆ ಹೋಗಲಿ, ಅಣ್ಣತಮ್ಮಂದಿರ ಜೊತೆಯೂ ಔಷಧವೇ. ಆದರೆ ಚಳಿಗಾಲಕ್ಕೆ ಹೋಗಿ ಮಾರ್ಚಿಗೆ ಮರಳಲಿ. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಬಿಪಿಗೆ ನೀರಿಳಿಸುವ ಮಾತ್ರೆ ಇದ್ದರಂತೂ ಬೇಗ ಬಳಲುತ್ತಾರೆ. ಕರೆಂಟ್ ಹೋದಾಗ ಇನ್ಸುಲಿನ್ ಕೆಡದಂತೆ ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಕುಡಿಕೆಯಲ್ಲಿ ಇಡಿ, ನೀರಿನೊಳಗೆ ಅದ್ದಬೇಡಿ. ಬರಿಗಾಲಲ್ಲಿ ಹೊಲಕ್ಕೆ ಇಳಿಯಲು ಬಿಡಬೇಡಿ, ಸಿಂಧನೂರಿನ ಮಾವನ ಬೆರಳು ನೆನಪಿರಲಿ.

ಹೊರಡುವ ಮೊದಲು ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಒಂದು ಪ್ರಶ್ನೆ ಕೇಳಿ: ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇಲ್ಲಿ ನಡೆಯುತ್ತಿದೆಯೇ? ಎದೆನೋವು ಬಂದವರ ಇಸಿಜಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಯೋಜನೆ ಅದು. ರಾತ್ರಿ ಯಾರು ಇರುತ್ತಾರೆ ಎಂಬುದನ್ನೂ ಕೇಳಿ. ಅಲ್ಲಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರ್‌ಗೂ ಹೆಚ್ಚು ದಾರಿ. ಸ್ಟೆಂಟ್ ಇದ್ದವರಿಗೆ ಆ ದಾರಿಯ ಹೊತ್ತೇ ದೊಡ್ಡ ಲೆಕ್ಕ.

ದೊಡ್ಡಪ್ಪನನ್ನು ಮಾತ್ರ ಈ ವಾರವೇ ವೈದ್ಯರಿಗೆ ತೋರಿಸಿ. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಅಲ್ಬುಮಿನ್, ಇಸಿಜಿ, ಕಣ್ಣಿನ ಒಳಪದರ, ಇಷ್ಟನ್ನು ಕೇಳಿ ಮಾಡಿಸಿ. ರಾತ್ರಿ ಮೂರು ಸಲ ಏಳುವುದು ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರಬಹುದು, ಮೂತ್ರಪಿಂಡವೂ ಇರಬಹುದು. ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದದ್ದನ್ನು ವೈದ್ಯರಿಗೆ ನೀವೇ ಹೇಳಿ, ಅವರು ಹೇಳುವುದಿಲ್ಲ. ನಿಂತಾಗ ಬಿಪಿ ಎಷ್ಟು ಇಳಿಯುತ್ತದೆಂದು ನೋಡದೆ ಜೋರಾಗಿ ಮಾತ್ರೆ ಶುರುಮಾಡಿದರೆ ಮುಂದಿನ ಸಲ ಗೋಡೆ ಕೈಗೆ ಸಿಗದಿರಬಹುದು.

ಹಗರಿ ದಂಡೆ (ಬಳ್ಳಾರಿ)

ಗುರುವಾರಕ್ಕೆ ಕರೆದುಕೊಂಡು ಹೋಗುತ್ತೇನೆ. ಕಣ್ಣಿನ ಪರೀಕ್ಷೆ ಎಂದು ಹೇಳಿದ್ದೇವೆ, ಕಣ್ಣಿಗಾದರೆ ಬರುತ್ತಾರಂತೆ. ಅಪ್ಪ ಜೊತೆಗೆ ಬರುವುದಾಗಿ ಹೇಳಿದ್ದಾರೆ, ತಮ್ಮನಿಗೆ ಕೊಬ್ಬಿನ ಪರೀಕ್ಷೆಯ ಸಾಲನ್ನು ನಕಲು ಮಾಡಿ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.